ಮೂವತ್ತೆಂಟು ಕಂಪನಿಗಳ ಇಸ್ತ್ರಿ ಅಂಗಡಿ

ನಮ್ಮ ಇಸ್ತ್ರಿ ಅಂಗಡಿಗೆ ಬಂದದ್ದನ್ನು ನಾವು ವಾಪಸ್ ಕಳಿಸುವುದಿಲ್ಲ. ಇದು ಮಾವನವರ ಕಾಲದಿಂದ ನಡೆದುಬಂದ ಪದ್ಧತಿ. ಹೆಸರು ಹೇಳದೆ ಇಟ್ಟುಹೋದ ಬಟ್ಟೆಯ ಗಂಟಾಗಲಿ, ಪಕ್ಕದ ಮನೆಯವರಿಗೆ ಬಂದ ಪಾರ್ಸೆಲ್ಲಾಗಲಿ, ಹೊಸ್ತಿಲು ದಾಟಿತೆಂದರೆ ಅದಕ್ಕೊಂದು ನಂಬರಿನ ಚೀಟಿ ಕಟ್ಟಿ ಶೆಲ್ಫಿನಲ್ಲಿಡುವುದು, ಯಜಮಾನ ಬರುವವರೆಗೆ ಕಾಯುವುದು. ಒಬ್ಬರ ಮದುವೆಯ ಕೋಟು ಹನ್ನೊಂದು ವರ್ಷ ಕಾದಿತ್ತು. ಆತ ಬರುವಷ್ಟರಲ್ಲಿ ಹೊಟ್ಟೆ ಬಂದಿತ್ತು, ಕೋಟು ಹಿಡಿಸಲಿಲ್ಲ, ಅದು ಬೇರೆ ಮಾತು.

ಹಾಗಾಗಿ ಅಂಚೆಯಣ್ಣ ಒಂದು ರಿಜಿಸ್ಟರ್ ಪತ್ರ ಹಿಡಿದು ಬಂದು, "ಅಮ್ಮ, ಮಹಾಸಾಗರ ಹಡಗು ಕಂಪನಿ ಇದೇನಾ?" ಎಂದಾಗ ನಾನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, "ವಿಳಾಸ ನಮ್ಮದೇ ತಾನೆ?" ಎಂದು ಕೇಳಿದೆ.

"ವಿಳಾಸ ನಿಮ್ಮದೇ. ಬಾಗಿಲ ನಂಬರೂ ನಿಮ್ಮದೇ."

"ಹಾಗಾದ್ರೆ ಕೊಡಪ್ಪ. ಯಾರಾದ್ರೂ ಕೇಳ್ಕೊಂಡು ಬರ್ತಾರೆ."

ಸಹಿ ಹಾಕಿದೆ, ಚೀಟಿ ಕಟ್ಟಿದೆ, ಶೆಲ್ಫಿನಲ್ಲಿಟ್ಟೆ. ಮರುದಿನ ಒಂದು ವಜ್ರದ ಗಣಿಗೂ ಒಂದು ಸುರಂಗ ಕೊರೆಯುವ ಸಂಸ್ಥೆಗೂ ಪತ್ರ ಬಂತು. ಅದರ ಮರುದಿನ ಆರು. ವಾರ ಕಳೆಯುವಷ್ಟರಲ್ಲಿ ಮೂವತ್ತೆಂಟು ಕಂಪನಿಗಳು ನಮ್ಮ ಹತ್ತಡಿ ಉದ್ದ, ಎಂಟಡಿ ಅಗಲದ ಅಂಗಡಿಯಲ್ಲಿ ಸೇರಿಕೊಂಡಿದ್ದವು.

ನನ್ನ ಜೊತೆ ಅಂಗಡಿ ನಡೆಸುವವಳು ನನ್ನ ನಾದಿನಿ. ಅವಳ ಬಾಯಿಗೆ ಬೀಗವಿಲ್ಲ. "ಅತ್ತಿಗೆ, ಹಡಗನ್ನ ಎಲ್ಲಿ ನಿಲ್ಲಿಸೋಣ? ನೀರು ಚಿಮುಕಿಸೋ ಬಕೆಟ್ಟಲ್ಲಿ ಹಿಡಿಸಲ್ಲ" ಎಂದಳು.

"ಹೆಲಿಕಾಪ್ಟರ್ ಕಂಪನಿ ಪತ್ರಾನೂ ಬಂದಿದೆ ಕಣೆ. ಮೊದಲು ಅದಕ್ಕೆ ಜಾಗ ನೋಡು."

"ಅದನ್ನ ಹ್ಯಾಂಗರಿಗೆ ಹಾಕಿ ನೇತುಹಾಕೋಣ ಬಿಡಿ."

ಇಬ್ಬರಿಗೂ ನಗು ತಡೆಯಲಾಗದೆ ಒಂದು ದಿಂಬಿನ ಕವರಿನ ಅಂಚು ಕಂದಿಹೋಯಿತು.

ಆ ನಗು ಸೋಮವಾರದವರೆಗೆ ನಡೆಯಿತು. ಸೋಮವಾರ ರಿಜಿಸ್ಟ್ರಾರ್ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಳು. ಚಿಕ್ಕ ವಯಸ್ಸಿನ ಹುಡುಗಿ, ಕಂಕುಳಲ್ಲಿ ಫೈಲು. ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿ ವಜ್ರದ ಗಣಿ ಎಲ್ಲಿದೆ?" ಎಂದು ಕೇಳಿದಳು.

"ಎರಡನೇ ಶೆಲ್ಫು, ಬೆಡ್‌ಶೀಟುಗಳ ಪಕ್ಕ" ಎಂದಳು ನಾದಿನಿ.

ಅಧಿಕಾರಿ ನಗಲಿಲ್ಲ. ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಬಿಡಿಸಿ ಹೇಳಿದಳು. ಯಾರದೋ ವಿಳಾಸ, ಯಾರದೋ ಹೆಸರು ಹಾಕಿ ಸುಳ್ಳು ಕಂಪನಿಗಳನ್ನು ನೋಂದಾಯಿಸಿ ಜನರಿಗೆ ಮೋಸ ಮಾಡುವವರು ಹೆಚ್ಚಾಗಿದ್ದಾರೆ. ಅದನ್ನು ತಡೆಯಲು ರಾಜ್ಯದಲ್ಲಿ ಹೊಸ ಕಾಯ್ದೆ ಬಂದಿದೆ. ಈಗ ಪ್ರತಿಯೊಂದು ಕಂಪನಿಗೂ ಅದು ಕೊಟ್ಟ ವಿಳಾಸಕ್ಕೆ ಪತ್ರ ಹೋಗುತ್ತದೆ. ಪತ್ರ ವಾಪಸಾದರೆ ವಿಳಾಸ ಸುಳ್ಳು, ಕಂಪನಿಯ ಹೆಸರು ಅಳಿಸುತ್ತಾರೆ. ಯಾರಾದರೂ ಸಹಿ ಹಾಕಿ ತೆಗೆದುಕೊಂಡರೆ ವಿಳಾಸ ನಿಜ.

"ನೀವು ಮೂವತ್ತೆಂಟಕ್ಕೂ ಸಹಿ ಹಾಕಿದ್ದೀರಿ, ಅಮ್ಮ. ಇಡೀ ಜಿಲ್ಲೆಯಲ್ಲಿ ಒಂದೇ ಒಂದು ಪತ್ರಾನೂ ವಾಪಸ್ ಬರದೇ ಇರೋ ವಿಳಾಸ ನಿಮ್ಮದೊಂದೇ."

"ಬಂದದ್ದನ್ನ ವಾಪಸ್ ಕಳಿಸೋ ಅಭ್ಯಾಸ ನಮಗಿಲ್ಲ, ಮೇಡಂ."

"ಅದೇ ತೊಂದರೆ ಆಗಿರೋದು. ಸುಳ್ಳು ವಿಳಾಸಕ್ಕೆ ಸಾಥ್ ಕೊಟ್ಟವರ ಅಂಗಡಿ ನೋಂದಣಿಯನ್ನೂ ರದ್ದು ಮಾಡಬೇಕು ಅಂತ ಕಾಯ್ದೆಯಲ್ಲಿದೆ. ಏಳು ದಿನದಲ್ಲಿ ನಾನು ವರದಿ ಕೊಡಬೇಕು. ಆಮೇಲೆ ಬಾಗಿಲಿಗೆ ಮೊಹರು."

ನಾದಿನಿ ಇಸ್ತ್ರಿ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಪ್ಪತ್ತಾರು ವರ್ಷ ನಾವಿಬ್ಬರೂ ಎದುರುಬದುರು ನಿಂತು ದುಡಿದ ಮೇಜು ಅದು. ಅದು ಹೋದರೆ ಈ ವಯಸ್ಸಿನಲ್ಲಿ ನಮ್ಮ ಕೈಗೆ ಬೇರೆ ಕೆಲಸ ಬಾರದು.

ಅಧಿಕಾರಿಗೂ ಪಾಪ ಅನ್ನಿಸಿರಬೇಕು. ಏಳುವಾಗ ಹೇಳಿದಳು, "ಪ್ರತಿ ಪತ್ರದೊಳಗೆ ಒಂದು ಗುಟ್ಟಿನ ನಂಬರಿದೆ. ಅದನ್ನ ಕಚೇರಿಗೆ ತಿಳಿಸಿದರೇನೆ ಕಂಪನಿ ಪೂರ್ತಿ ಊರ್ಜಿತ. ಹಾಗಾಗಿ ಪತ್ರ ಹುಡುಕ್ಕೊಂಡು ಯಾರಾದರೂ ಬರಬಹುದು. ಬಂದರೆ ನನಗೆ ಫೋನ್ ಮಾಡಿ, ನಾನು ಬರೋವರೆಗೆ ಕೂರಿಸಿಕೊಳ್ಳಿ."

"ಗಿರಾಕಿಯನ್ನ ಕೂರಿಸಿಕೊಳ್ಳೋದು ನಮಗೆ ಹೊಸದಲ್ಲ" ಎಂದೆ.

ನಾಲ್ಕನೇ ದಿನ ಆತ ಬಂದ. ಟೈ ಕಟ್ಟಿದ್ದ, ಕೋಟು ತೊಟ್ಟಿದ್ದ, ಮೈತುಂಬ ಸೆಂಟು. "ಅಜ್ಜಿ, ನಮ್ಮ ಆಫೀಸಿನ ಪತ್ರಗಳು ತಪ್ಪಿ ಇಲ್ಲಿಗೆ ಬಂದಿವೆಯಂತೆ" ಎಂದ.

"ಬಂದಿವೆಯಪ್ಪ, ಜೋಪಾನವಾಗಿ ಇಟ್ಟಿದ್ದೀವಿ. ಚೀಟಿ ತಂದಿದ್ದೀರಾ?"

"ಚೀಟಿ ಇಲ್ಲ."

"ಚೀಟಿ ಇಲ್ಲದವರು ಪುಸ್ತಕದಲ್ಲಿ ಬರೆದುಕೊಡಬೇಕು. ಒಂದೊಂದು ವಸ್ತುವಿಗೆ ಒಂದೊಂದು ಸಾಲು. ಕಂಪನಿ ಹೆಸರು, ಮಾಲೀಕರ ಹೆಸರು, ಸಹಿ."

ಆತ ಉಸ್ಸೆಂದು ಪೆನ್ನು ತೆಗೆದ. ಮುದುಕಿಯರಿಗೆ ಏನು ಬರೆದುಕೊಟ್ಟರೇನು ಅಂದುಕೊಂಡನೋ ಏನೋ. ಅಷ್ಟರಲ್ಲಿ ನಾದಿನಿ ಅವನ ಬೆನ್ನ ಹಿಂದೆ ಹೋಗಿ ನಿಂತು, "ಅಯ್ಯೋ, ಕೋಟೆಲ್ಲ ಮುದುಡಿಹೋಗಿದೆಯಲ್ಲ. ದೊಡ್ಡ ದೊಡ್ಡ ಕಂಪನಿಯವರು ಹೀಗೆ ಓಡಾಡಬಾರದು. ಬಿಚ್ಚಿ, ನೀವು ಬರೆಯೋಷ್ಟರಲ್ಲಿ ಉಜ್ಜಿಕೊಡ್ತೀನಿ" ಎಂದು ಅವನು ಹೂಂ ಅನ್ನುವ ಮೊದಲೇ ಒಂದು ತೋಳು ಬಿಚ್ಚಿಯೇ ಬಿಟ್ಟಳು. ಕೋಟು ಹೆಗಲಿಗೆ ಹಾಕಿಕೊಂಡು ಪರದೆಯ ಆಚೆ ಹೋದಳು. ಫೋನ್ ಇರುವುದೂ ಪರದೆಯ ಆಚೆಯೇ.

ಮೊದಲ ಐದು ಸಾಲುಗಳನ್ನು ಆತ ಐದು ಥರದ ಅಕ್ಷರದಲ್ಲಿ ಬರೆದ. ಒಂದು ಎಡಕ್ಕೆ ವಾಲಿದ್ದು, ಒಂದು ಬಲಕ್ಕೆ, ಒಂದು ಉರುಟು ಉರುಟು. ಹತ್ತನೆಯದರ ಹೊತ್ತಿಗೆ ಕೈ ಸೋತು ಎಲ್ಲ ಒಂದೇ ಥರ ಆದವು. ಹದಿನೈದಕ್ಕೆ ಹೆಸರುಗಳೂ ಖಾಲಿಯಾದವು.

"ಅಜ್ಜಿ, ಹೆಲಿಕಾಪ್ಟರಿಗೆ ನಾನು ಯಾರ ಹೆಸರು ಬರೆದೆ?"

"ಹೆಲಿಕಾಪ್ಟರಿಗೂ ಸುರಂಗಕ್ಕೂ ಒಬ್ಬರೇ ಮಾಲೀಕರು ಅಂತ ಬರೆದಿದ್ದೀರಪ್ಪ. ಮೇಲೂ ಅವರೇ, ಕೆಳಗೂ ಅವರೇ."

"ಸ್ವಲ್ಪ ತಿದ್ದಬಹುದಾ?"

"ತಿದ್ದೋ ಹಾಗಿಲ್ಲ. ಬೇಕಾದ್ರೆ ಹೊಸ ಸಾಲು ಬರೀರಿ. ನನಗೇನೂ ಅವಸರವಿಲ್ಲ."

ನಾನು ಪಕ್ಕದಲ್ಲಿ ಒಂದೊಂದೇ ಪತ್ರದ ಧೂಳು ಒರೆಸುತ್ತ, ವಿಳಾಸವನ್ನು ಅಕ್ಷರ ಅಕ್ಷರ ಓದುತ್ತ, ಕನ್ನಡಕ ಜಾರಿದಾಗಲೆಲ್ಲ ಮತ್ತೆ ಮೊದಲಿನಿಂದ ಓದುತ್ತ ಇದ್ದೆ. ಆತನ ಹಣೆಯಲ್ಲಿ ಬೆವರು ಇಳಿಯಿತು. "ನನ್ನ ಕೋಟು" ಎಂದ ಎರಡು ಸಲ.

"ಒಂದು ಗೆರೆ ಡಬಲ್ ಆಗಿದೆ, ಅದನ್ನ ಹಾಗೇ ಬಿಟ್ಟರೆ ನಮ್ಮ ಅಂಗಡಿ ಮರ್ಯಾದೆ ಏನಾಗಬೇಕು" ಎಂದು ನಾದಿನಿ ಪರದೆಯ ಆಚೆಯಿಂದ ಕೂಗಿದಳು. ಆಮೇಲೆ ಹೊರಗೆ ಬಂದು, "ಕಿಸೆಯಲ್ಲಿದ್ದದ್ದನ್ನ ಗಿರಾಕಿ ಎದುರಿಗೇ ಎಣಿಸಿ ಕೊಡಬೇಕು, ಆಮೇಲೆ ಮಾತು ಬರಬಾರದು" ಎನ್ನುತ್ತ ಮೇಜಿನ ಮೇಲೆ ಜೋಡಿಸತೊಡಗಿದಳು. ಒಂದು ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು, ಆಮೇಲೆ ರಬ್ಬರ್ ಸ್ಟಾಂಪುಗಳು. ಹಡಗಿನದು, ಗಣಿಯದು, ಹೀಗೆ ಒಂಬತ್ತು.

ಒಂಬತ್ತನೆಯದನ್ನು ಇಡುವಾಗ ಬಾಗಿಲಲ್ಲಿ ಅಧಿಕಾರಿ, ಅವಳ ಹಿಂದೆ ಪೊಲೀಸಿನವರು ಇಬ್ಬರು.

"ನಾನು ಬರೀ ಪತ್ರ ತಗೊಂಡು ಹೋಗೋಕೆ ಬಂದವನು" ಎಂದ ಟೈಯವನು.

ಅಧಿಕಾರಿ ಪುಸ್ತಕ ಓದಿದಳು. "ಮೂವತ್ತೊಂದು ಕಂಪನಿಗಳ ಮಾಲೀಕರ ಸಹಿಯನ್ನೂ ನೀವೊಬ್ಬರೇ ಹಾಕಿಕೊಟ್ಟಿದ್ದೀರಲ್ಲ" ಎಂದಳು.

"ಇನ್ನೂ ಏಳು ಬಾಕಿ ಇವೆ" ಎಂದೆ ನಾನು. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಆತನನ್ನು ಕರೆದುಕೊಂಡು ಹೋದರು. ಕೋಟಿನ ಗೆರೆ ಮಾತ್ರ ಅಚ್ಚುಕಟ್ಟಾಗಿತ್ತು.

ಆದರೆ ನಮ್ಮ ಅಂಗಡಿ ಇನ್ನೂ ಉಳಿದಿರಲಿಲ್ಲ. ಆ ಮೂವತ್ತೆಂಟು ಸಹಿಗಳು ನನ್ನವೇ, ಅವು ಅಳಿಯಬೇಕಾದರೆ ನಾನೇ ರಿಜಿಸ್ಟ್ರಾರ್ ಮುಂದೆ ನಿಂತು ಪ್ರತಿಯೊಂದು ಕಂಪನಿಗೂ ಬೇರೆ ಬೇರೆ ಹೇಳಿಕೆ ಕೊಡಬೇಕು ಎಂದಳು ಅಧಿಕಾರಿ. ಮರುದಿನ ನಾದಿನಿಯನ್ನು ಕರೆದುಕೊಂಡು ಹೋದೆ. ರಿಜಿಸ್ಟ್ರಾರ್ ಗಂಭೀರ ಮುಖದ ಹಿರಿಯರು. ಪಕ್ಕದಲ್ಲಿ ಗುಮಾಸ್ತ ಟೈಪು ಮಾಡಲು ಕೂತಿದ್ದ.

"ನಿಮ್ಮ ಅಂಗಡಿಯಲ್ಲಿ ಮಹಾಸಾಗರ ಹಡಗು ಕಂಪನಿ ಇದೆಯೇ?"

"ಇಲ್ಲ."

"ವಜ್ರದ ಗಣಿ ಇದೆಯೇ?"

"ಇಲ್ಲ. ಇದ್ದಿದ್ದರೆ ಇವಳು ಬೆಳಿಗ್ಗೆ ಬೇಗ ಎದ್ದು ಬರ್ತಿದ್ದಳು."

"ಇದೆಯೋ ಇಲ್ಲವೋ ಅಷ್ಟೇ ಹೇಳಿ."

"ಇಲ್ಲ."

ಹೆಲಿಕಾಪ್ಟರ್ ಇಲ್ಲ, ಸುರಂಗ ಇಲ್ಲ, ಉಕ್ಕಿನ ಕಾರ್ಖಾನೆ ಇಲ್ಲ. ಹನ್ನೆರಡನೆಯದಕ್ಕೆ ಗುಮಾಸ್ತನ ಭುಜ ಕುಲುಕತೊಡಗಿತು. ಇಪ್ಪತ್ತಕ್ಕೆ ಪಕ್ಕದ ಕೋಣೆಯವರು ಬಾಗಿಲಲ್ಲಿ ಬಂದು ನಿಂತರು. "ಕುದುರೆ ಸಾಕಣೆ ಕೇಂದ್ರ ಇದೆಯೇ?" ಎಂದು ಕೇಳುವಾಗ ರಿಜಿಸ್ಟ್ರಾರರೇ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ನಾನು ಮಾತ್ರ ನಗದೆ, ಕೇಳಿದ್ದಕ್ಕೆಲ್ಲ ಇಲ್ಲ, ಇಲ್ಲ, ಇಲ್ಲ ಎನ್ನುತ್ತ ಮೂವತ್ತೆಂಟನ್ನೂ ಮುಗಿಸಿದೆ.

ಆಗ ಅವರು ಕೊನೆಯ ಹಾಳೆ ತೆಗೆದರು. "ಈ ವಿಳಾಸದಲ್ಲಿ ಇಸ್ತ್ರಿ ಅಂಗಡಿ ಇದೆಯೇ?"

"ಇಲ್ಲ" ಎಂದೆ.

ನಾದಿನಿ ನನ್ನ ತೋಳನ್ನು ಹೇಗೆ ಹಿಂಡಿದಳೆಂದರೆ ಮಾರನೆಯ ದಿನವೂ ಕೆಂಪಗಿತ್ತು.

"ಇದೆ, ಇದೆ, ಸ್ವಾಮಿ. ಬಾಯಿ ರೂಢಿಗೆ ಬಿದ್ದು ಹೋಯಿತು. ಅದೊಂದೇ ಇರೋದು. ಮಾವನವರ ಕಾಲದಿಂದ ಇದೆ."

ಗುಮಾಸ್ತ ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡು ರಿಜಿಸ್ಟ್ರಾರರ ಮುಖ ನೋಡಿದ. ಅವರು ಕಣ್ಣೊರೆಸಿಕೊಂಡು, "ಇದೆ ಅಂತ ಹಾಕಿ" ಎಂದರು. ಮೊಹರು ದಬ್ಬೆಂದು ಬಿತ್ತು. ಹಾಳೆಯನ್ನು ನನ್ನ ಕೈಗೆ ಕೊಟ್ಟರು, ನಾನು ಅದನ್ನು ನಾದಿನಿಗೆ ಕೊಟ್ಟೆ. ಅವಳು ಗೆರೆ ಡಬಲ್ ಆಗದ ಹಾಗೆ ಅದನ್ನು ಮಡಿಚಿ ಚೀಲದಲ್ಲಿಟ್ಟುಕೊಂಡಳು.