ಮುಂಬಾಗಿಲ ಹೊಸಿಲು

ಅಪಘಾತದ ನಂತರ ಯಾಮಿನಿ ಗಾಲಿಕುರ್ಚಿಯಲ್ಲಿ ಚಿಂತಾಮಣಿ ಪಟ್ಟಣದ ತನ್ನ ಮನೆಗೆ ಮರಳಿದಳು. ಮನೆಯನ್ನು ಅವಳಿಗೆ ತಕ್ಕಂತೆ ಬದಲಿಸಲು ಗಂಡ ಮೋಹನ್‌ಬಾಬು, ಪಿಳ್ಳಪ್ಪ ಎಂಬ ಕಂಟ್ರಾಕ್ಟರನ್ನು ಕರೆಸಿದ. ಬಚ್ಚಲಿನ ಬಾಗಿಲು ಅಗಲ ಮಾಡುವುದಕ್ಕೆ, ಗೋಡೆಗೆ ಹಿಡಿಕೆ ಹಾಕುವುದಕ್ಕೆ ಯಾರದೂ ತಕರಾರಿರಲಿಲ್ಲ. ಮುಂದಿನ ಮೆಟ್ಟಿಲ ಮೇಲೆ ಇಳಿಜಾರು ಮಾಡಿ, ಎತ್ತರದ ಹೊಸಿಲು ತೆಗೆಯಬೇಕೆಂದಾಗ ಮಾತ್ರ ಅತ್ತೆ ಕದಿರಮ್ಮನ ಮುಖ ಸಪ್ಪಗಾಯಿತು. ದಿನಾ ಅರಿಶಿನ ಹಚ್ಚಿ ಪೂಜೆ ಮಾಡುತ್ತಿದ್ದ ಹೊಸಿಲು ಅದು.

"ಹೋಗ್ಲಿ ಬಿಡಮ್ಮ, ಹಿತ್ತಲ ಬಾಗಿಲಿಗೆ ಮಾಡ್ಕೊಡ್ತೀನಿ," ಎಂದ ಪಿಳ್ಳಪ್ಪ. ಮೋಹನ್‌ಬಾಬು ಒಪ್ಪಿ ತಲೆಯಾಡಿಸಿದ.

"ನನ್ನನ್ನೂ ಒಂದ್ಮಾತು ಕೇಳಿ," ಎಂದಳು ಯಾಮಿನಿ. "ನೆಂಟರೆಲ್ಲಾ ಮುಂದಿಂದ ಬರ್ತಾರೆ, ನಾನು ಕೊಟ್ಟಿಗೆ ದಾಟ್ಕೊಂಡು ಬರ್ಬೇಕಾ? ಅದಕ್ಕಿಂತ ಒಳಗೇ ಇದ್ಬಿಡ್ತೀನಿ."

ಕದಿರಮ್ಮ ಹೊಸಿಲ ಬಳಿ ಕೂತು, ಅದರ ಕಲ್ಲನ್ನು ಸವರಿದಳು.

"ಪಿಳ್ಳಪ್ಪ, ಇದನ್ನ ಒಡೀಬೇಡಪ್ಪ. ಕೆಳಕ್ಕಿಳಿಸಿ ನೆಲಕ್ಕೆ ಸಮವಾಗಿ ಕೂರಿಸೋಕಾಗುತ್ತಾ?"

"ಆಗುತ್ತಮ್ಮ. ಆದ್ರೆ ಜೋರು ಮಳೆ ಬಂದ್ರೆ ನೀರು ಒಳಗೆ ಬರುತ್ತೆ."

"ಬಂದ್ರೆ ಒರೆಸ್ಕೊಂತೀನಿ."

ಕೆಲಸವೆಲ್ಲ ಮುಗಿದ ಮೇಲೆ ಯಾಮಿನಿ ಬಾಗಿಲವರೆಗೂ ಬಂದು ನಿಂತಳು. ಪೂಜೆಯ ಕಲ್ಲಿನ ಮೇಲೆ ಚಕ್ರ ಹಾಯಿಸಲು ಅವಳಿಗೇ ಮನಸ್ಸು ಬರಲಿಲ್ಲ.

"ಅತ್ತೆ, ತುಳಿದಂಗಾಗಲ್ವಾ?"

"ದಾರಿ ಬಿಡಮ್ಮ, ಸೊಪ್ಪಿನ ಗಾಡಿ ಹೊರಟುಹೋಗುತ್ತೆ," ಎಂದಳು ಹಿಂದೆ ನಿಂತಿದ್ದ ಕದಿರಮ್ಮ.

ಯಾಮಿನಿ ನಕ್ಕು ಚಕ್ರ ನೂಕಿದಳು. ಎಷ್ಟೋ ದಿನಗಳ ಮೇಲೆ ಯಾರ ನೆರವೂ ಇಲ್ಲದೆ ಬೀದಿಗಿಳಿದಿದ್ದಳು. ಎದುರುಮನೆಯವರು, "ಎಲ್ಲಿಗೆ ಹೊರಟ್ಯಮ್ಮ?" ಎಂದು ಕೇಳಿದರು. ಎಲ್ಲಿಗೆಂದು ಅವಳಿನ್ನೂ ಯೋಚಿಸಿಯೇ ಇರಲಿಲ್ಲ.