ಹೊನ್ನವ್ವನ ಹಸಿರು ಪಂಪು

ನಾನು ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಸಿಂಪಡಿಸುವ ಒಂದು ಪಂಪು. ಹುಟ್ಟಾ ಅಂಜುಬುರುಕ. ಕಾದ ಪ್ಲಾಸ್ಟಿಕ್ಕಾಗಿ ಅಚ್ಚಿಗೆ ಇಳಿದು, ಆರಿ, ಹೊರಗೆ ಬಿದ್ದಾಗ ನನಗೆ ತಿಳಿದದ್ದು ಒಂದೇ: ನನಗೆ ದೊಡ್ಡ ಹೊಟ್ಟೆ ಇದೆ, ಅದರಲ್ಲಿ ಯಾರು ಏನು ಸುರಿದರೂ ಬೇಡವೆನ್ನಲು ಬಾರದು.

ಅಲ್ಲಿಂದ ಲಾರಿ ಹತ್ತಿಸಿ ಹಾವೇರಿ ಕಡೆಯ ಒಂದು ಸರ್ಕಾರಿ ಗೋದಾಮಿಗೆ ತಂದರು. ಒಂದು ಗೋಡೆಗೆ ಬೇವಿನ ಹಿಂಡಿಯ ಚೀಲಗಳು, ಎದುರು ಗೋಡೆಗೆ ಕೀಟನಾಶಕದ ಬಾಟಲಿಗಳು. ಅದನ್ನು ಆ ಸೀಮೆಯವರು ಎಣ್ಣಿ ಎನ್ನುತ್ತಾರೆ. ಎರಡಕ್ಕೂ ಸರ್ಕಾರದ ರಿಯಾಯಿತಿ ಇತ್ತು. ನನ್ನ ಜೊತೆ ಹುಟ್ಟಿದವರಲ್ಲಿ ಹೆಚ್ಚಿನವರು ಎಣ್ಣಿಯ ಪಾಲಾದರು. ನನಗೆ ಮಾತ್ರ ‘ಸಾವಯವಕ್ಕೆ ಮಾತ್ರ’ ಎಂಬ ಹಸಿರು ಚೀಟಿ ಅಂಟಿಸಿ, ಹೊನ್ನವ್ವನ ಕೈಗೆ ಕೊಟ್ಟರು. ಬದುಕಿದೆ ಅಂದುಕೊಂಡೆ.

ಹೊನ್ನವ್ವನದು ಮೆಣಸಿನಕಾಯಿ ಹೊಲ. ಅವಳ ಗಂಡ ಕೊಟ್ರಪ್ಪ ಹಿಂದೊಮ್ಮೆ ಎಣ್ಣಿ ಹೊಡೆಯುವಾಗ ಸಾಲಿನಲ್ಲೇ ಬಿದ್ದು, ಆಸ್ಪತ್ರೆ ಸೇರಿ, ಹೇಗೋ ಉಳಿದು ಬಂದಿದ್ದ. ಅಂದಿನಿಂದ ಅದರ ವಾಸನೆ ಸುಳಿದರೂ ಅವನಿಗೆ ತಲೆ ಸುತ್ತುತ್ತದೆ. ಸರ್ಕಾರ ಸಾವಯವ ಯೋಜನೆ ತಂದಾಗ ಊರಿನ ಹೆಂಗಸರ ಗುಂಪಿಗೆ ಹೊನ್ನವ್ವ ಎಲ್ಲರಿಗಿಂತ ಮೊದಲು ಸೇರಿದ್ದು ಅದಕ್ಕೇ. ಕರಾರು ಕಠಿಣವಾಗಿತ್ತು. ಮೂರು ವರ್ಷ ಹೊಲಕ್ಕೆ ವಿಷ ಸೋಕಬಾರದು. ಒಬ್ಬಳು ಮುಚ್ಚಿಟ್ಟು ಸಿಕ್ಕಿಬಿದ್ದರೆ ಇಡೀ ಗುಂಪಿನ ಪ್ರಮಾಣಪತ್ರ ಹೋಗುತ್ತದೆ.

ಅವಳು ಸಗಣಿ, ಗಂಜಲ, ಬೆಲ್ಲ ಕದಡಿದ ಜೀವಾಮೃತವನ್ನು ಹಳೆ ಸೀರೆಯಲ್ಲಿ ಸೋಸಿ ನನ್ನೊಳಗೆ ಹಾಕುತ್ತಿದ್ದಳು. ನಾರುತ್ತಿದ್ದೆ ನಿಜ, ಆದರೆ ನೆಮ್ಮದಿಯಾಗಿದ್ದೆ.

ಆ ಊರಿನಲ್ಲಿ ಪಂಪು ಕೇಳಿದರೆ ಇಲ್ಲವೆನ್ನುವ ರೂಢಿಯೇ ಇರಲಿಲ್ಲ. ಹೆಪ್ಪಿಗೆ ಮಜ್ಜಿಗೆ ಕೊಟ್ಟಷ್ಟೇ ಸಲೀಸು. ಮೂರನೆಯ ವರ್ಷ, ಕಾಯಿ ಇನ್ನೂ ಹಸಿರಿದ್ದಾಗ, ಹೊನ್ನವ್ವ ಸಂತೆಗೆ ಹೋಗಿದ್ದಳು. ಅವಳ ಮೈದುನ ಗುಡ್ಡಪ್ಪ ತನ್ನ ಪಂಪು ಕೆಟ್ಟಿತೆಂದು ಬಂದವನೇ ನನ್ನನ್ನು ಗೂಟದಿಂದ ಇಳಿಸಿದ. ಕದಿಯಲು ಬಂದವನಲ್ಲ, ಅಣ್ಣನ ಮನೆಯ ವಸ್ತು ತನ್ನದೇ ಎಂದು ತಿಳಿದವನು. ತನ್ನ ಹೊಲದಲ್ಲಿ ಎಣ್ಣಿಯ ಬಾಟಲಿಯ ಮುಚ್ಚಳ ಬಿಚ್ಚಿದ. ನನ್ನ ಜೀವ ಬಾಯಿಗೆ ಬಂತು. ಅದು ಒಳಗಿಳಿದಾಗ ಮೈಯೆಲ್ಲ ಚುರುಗುಟ್ಟಿತು. ಸಂಜೆ ಕಾಲುವೆಯಲ್ಲಿ ಎರಡು ಸಲ ಗಲಬರಿಸಿ, ಒರೆಸಿ, ಇದ್ದಲ್ಲೇ ತೂಗುಹಾಕಿ ಹೋದ. ಅಷ್ಟಕ್ಕೆ ಹೋಗುವ ವಿಷ ಅದಲ್ಲ.

ಮರುದಿನ ಬೆಳಿಗ್ಗೆ ಹೊನ್ನವ್ವ ಎಂದಿನಂತೆ ಜೀವಾಮೃತ ತುಂಬಿದಳು. ಬೇಡ ತಾಯಿ, ಬೇಡ ಎಂದು ಒಳಗೊಳಗೇ ನಡುಗಿದೆ. ಹಿಡಿಕೆ ಎಳೆದ ಹಾಗೆಲ್ಲ ನನ್ನೊಳಗೆ ಉಳಿದ ವಿಷವೂ ನಳಿಗೆಯಿಂದ ಹೊರಗೆ ಹಾರುತ್ತಿತ್ತು. ಎರಡು ಸಾಲು ಮುಗಿದಿತ್ತು. ಬದುವಿನ ಮೇಲೆ ಕೂತಿದ್ದ ಕೊಟ್ರಪ್ಪ ತಲೆ ಹಿಡಿದುಕೊಂಡು ವಾಂತಿ ಮಾಡಿದ.

“ನಿಲ್ಲಸ ಹೊನ್ನಿ. ಎಣ್ಣಿ ವಾಸನಿ ಬರಾಕತ್ತೈತಿ.”

ಗಂಜಲದ ನಾತ ಅದು ಎಂದು ಅವಳು ಗದರಿದಳು. ಆದರೂ ನನ್ನನ್ನು ಇಳಿಸಿ, ಮುಚ್ಚಳ ತೆಗೆದು ಮೂಸಿದಳು. ಅವಳ ಮುಖ ಬಿಳಿಚಿದ್ದನ್ನು ಕೆಳಗಿನಿಂದ ಕಂಡೆ. ನೆಟ್ಟಗೆ ಗುಡ್ಡಪ್ಪನ ಮನೆಗೆ ಹೋದಳು, ನನ್ನನ್ನು ಎತ್ತಿಕೊಂಡೇ. ಅವನು ಏನನ್ನೂ ಮುಚ್ಚಿಡಲಿಲ್ಲ.

“ಎರಡ ಸಾಲಿಂದು ಯಾರಿಗೆ ಗೊತ್ತಾಕ್ಕೈತಿ ವೈನಿ? ಸುಮ್ನಿದ್ದಬಿಡ.”

ಅದಾಗಿ ಎರಡನೆಯ ದಿನಕ್ಕೆ ತಪಾಸಣೆಯ ಮೇಡಂ ಬಂದರು. ಗುಂಪಿನ ಹೆಂಗಸರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಮೇಡಂ ನನ್ನನ್ನು ತಿರುಗಿಸಿ ನೋಡಿ, ಇದನ್ನು ಬೇರೆ ಯಾರಿಗಾದರೂ ಕೊಟ್ಟಿದ್ದಿರಾ ಎಂದು ಕೇಳಿದರು. ಹೇಳಿದರೆ ಹೊನ್ನವ್ವನ ಮೂರು ವರ್ಷ ಮಣ್ಣುಪಾಲು. ಹೇಳದೆ ಸಿಕ್ಕಿಬಿದ್ದರೆ ಎಲ್ಲರದೂ. ಅವಳು ನನ್ನ ಬೆಲ್ಟು ಹಿಡಿದು ಒಂದು ಹೆಜ್ಜೆ ಮುಂದೆ ಬಂದಳು.

“ಮೈದುನ ಒಯ್ದಿದ್ದರಿ. ನನಗ ತಿಳೀಲಾರದ ಎರಡ ಸಾಲಿಗೆ ಹೊಡದೀನಿ. ಉಳಿದವ್ರ ಹೊಲಕ್ಕ ಈ ಪಂಪು ಹೋಗಿಲ್ರಿ.”

ಮೇಡಂ ಎಲ್ಲರ ಹೊಲದಿಂದಲೂ ಎಲೆ, ಕಾಯಿ ಪರೀಕ್ಷೆಗೆಂದು ಕಟ್ಟಿಸಿಕೊಂಡು ಹೋದರು. ಗುಂಪಿಗೆ ಪ್ರಮಾಣಪತ್ರ ಬಂತು. ಹೊನ್ನವ್ವನ ಹೊಲಕ್ಕೆ ಮಾತ್ರ ಮತ್ತೆ ಮೊದಲನೆಯ ವರ್ಷದಿಂದ ಲೆಕ್ಕ. ಆ ಸಲ ಉಳಿದವರ ಕಾಯಿ ಸಾವಯವದ ವ್ಯಾಪಾರಿಯ ಗಾಡಿ ಹತ್ತಿದವು. ಅವಳದು ಎಣ್ಣಿ ಹೊಡೆದ ಕಾಯಿಯ ಜೊತೆ ಪೇಟೆಯ ರಾಶಿ ಸೇರಿತು. ಅವಳು ಆ ವ್ಯಾಪಾರಿಯ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಒಳಗೆ ಹೋಗಿ ಅತ್ತಳು.

ನನ್ನನ್ನು ಮತ್ತೆ ಹೊಲಕ್ಕೆ ಒಯ್ಯಲಿಲ್ಲ. ಹೊಸ ಪಂಪು ತಂದು ಒಳಕೋಣೆಯಲ್ಲಿಟ್ಟಳು. ಮುಂದಿನ ಹಂಗಾಮಿನಲ್ಲಿ ಗುಡ್ಡಪ್ಪ ಬಂದು ಅದನ್ನು ಕೇಳಿದ. ಏನೂ ಆಗದವನಂತೆ, ನಗುತ್ತಲೇ ಕೇಳಿದ. ಹೊನ್ನವ್ವ ಬಾಗಿಲ ಚೌಕಟ್ಟು ಹಿಡಿದು, ಕೊಡಂಗಿಲ್ಲ ಎಂದಳು. ಆ ಓಣಿಯಲ್ಲಿ ಯಾರೂ ಯಾರಿಗೂ ಅನ್ನದ ಮಾತು ಅದು. ಮೈದುನನಿಗಿಂತ ಪಂಪು ದೊಡ್ಡದಾಯಿತೇ ಎಂದು ಗೊಣಗುತ್ತ ಅವನು ಹೋದ. ಅವಳು ಗೋಡೆಗೆ ಒರಗಿ ಕೂತಳು.

“ಮೇಡಂಗ ಹೇಳೂವಾಗ ಇಷ್ಟ ಅಂಜಿಕಿ ಆಗಿರಲಿಲ್ಲ,” ಎಂದು ಕೊಟ್ರಪ್ಪನಿಗೆ ಹೇಳಿದಳು.

ಈಗ ನನಗೆ ವಯಸ್ಸಾಗಿದೆ. ವಾಷರು ಒಣಗಿದೆ, ನಳಿಗೆ ಬಿರಿದಿದೆ, ಹಸಿರು ಚೀಟಿಯ ಅಕ್ಷರ ಮಾಸಿದೆ. ಕೊಟ್ಟಿಗೆಯ ಮೂಲೆಯಲ್ಲಿ ನೊಣ ಎಣಿಸುತ್ತ ತೂಗುತ್ತಿದ್ದೇನೆ. ಗುಡ್ಡಪ್ಪ ಮುನಿಸು ಬಿಟ್ಟು ಆಗಾಗ ಬರುತ್ತಾನೆ. ಹೊನ್ನವ್ವ ಅವನಿಗೆ ಚಹಾ ಕೊಟ್ಟು, ಮಕ್ಕಳ ಕ್ಷೇಮ ವಿಚಾರಿಸಿ, ಅವನು ಲೋಟ ಕೆಳಗಿಡುವವರೆಗೂ ಒಳಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತೇ ಇರುತ್ತಾಳೆ. ಅವನ ಚಪ್ಪಲಿಯ ಸದ್ದು ಓಣಿ ದಾಟಿದ ಮೇಲೆಯೇ ಅವಳೂ ನಾನೂ ಉಸಿರು ಬಿಡುವುದು.