ಬಳೆ ಮೇಸ್ತ್ರಿಯ ಖಾಲಿ ಕೈ

ಕ್ರೇನುಗಳ ಆ ಯಾರ್ಡಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಬಳೆ ಮೇಸ್ತ್ರಿ ಎಂದು. ಹೆಸರು ಕೇಳಿ ನಗುವವರಿಗೆ ಕಾರಣ ಗೊತ್ತಿರಲಿಲ್ಲ. ಕ್ರೇನಿನ ಡೀಸೆಲ್ ಎಂಜಿನ್ನಿಗೆ ಇನ್ನೂರೈವತ್ತು ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು, ಫಿಲ್ಟರ್ ಬದಲಿಸಬೇಕು. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ಬಾಯಿಗಿದ್ದ ರಬ್ಬರ್ ರಿಂಗು ಒಮ್ಮೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿದುಬಿಡುತ್ತದೆ, ಹಾಳಾದ್ದು. ನೋಡದೆ ಹೊಸದನ್ನು ಕೂರಿಸಿದರೆ ರಿಂಗಿನ ಮೇಲೆ ರಿಂಗು. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ಭಾರ ಎತ್ತುವಾಗ ಒತ್ತಡ ತಾಳದೆ ರಿಂಗು ಜಾರಿ, ಬಿಸಿ ಆಯಿಲೆಲ್ಲ ಹೊರಗೆ ಚಿಮ್ಮುತ್ತದೆ, ಎಂಜಿನ್ ಕೆಟ್ಟು ನಿಂತು ಭಾರ ಗಾಳಿಯಲ್ಲೇ ತೂಗಾಡುತ್ತದೆ. ಅದಕ್ಕೇ ಮೇಸ್ತ್ರಿ ಹಳೇ ರಿಂಗನ್ನು ಕಿತ್ತು ಎಡಗೈಗೆ ಬಳೆಯ ಹಾಗೆ ತೊಟ್ಟುಕೊಳ್ಳುತ್ತಿದ್ದ. ಕ್ರೇನು ಮೊದಲ ಭಾರ ಎತ್ತಿ ಇಳಿಸಿದ ಮೇಲೇ ಅದನ್ನು ಕಳಚುವುದು. ಇಪ್ಪತ್ತಾರು ವರ್ಷದಿಂದ ಇದೇ ಪದ್ಧತಿ.

ಜೊತೆಗಿದ್ದ ಇನ್ನೊಬ್ಬ ಮೆಕ್ಯಾನಿಕ್ ಕೆಲಸ ಬಿಟ್ಟು ಮೂರು ವಾರವಾಗಿತ್ತು. ಅಂದಿನಿಂದ ಇಬ್ಬರ ಕೆಲಸವೂ ಮೇಸ್ತ್ರಿಯ ತಲೆಗೇ. ಒಂದು ದಿನ ರಜೆಯಿಲ್ಲ. ಮಂಡಿ ಹಿಡಿದುಕೊಂಡಿತ್ತು, ಬೆನ್ನು ಮಾತು ಕೇಳುತ್ತಿರಲಿಲ್ಲ, ಮನೆಯಲ್ಲಿ ಊಟಕ್ಕೆ ಕೂತಲ್ಲೇ ತೂಕಡಿಸಿ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದ. ಹೋದ ವಾರ ಒಂದು ಎಂಜಿನ್ನಿನ ಮುಚ್ಚಳ ಬಿಗಿ ಮಾಡಲು ಮರೆತಿದ್ದ. ಇನ್ನೊಂದು ಸಲ ಹೀಗಾದರೆ ಸ್ಪ್ಯಾನರ್ ಕೆಳಗಿಟ್ಟು ಸ್ಟೋರಿನಲ್ಲಿ ಕೂತು ಬೋಲ್ಟು ಎಣಿಸಬೇಕಾಗುತ್ತದೆ ಎಂದು ಸೂಪರ್‌ವೈಸರ್ ಎಲ್ಲರೆದುರೇ ಹೇಳಿದ್ದ. ಮಗನ ವಯಸ್ಸಿನವನಿಂದ ಆ ಮಾತು ಕೇಳಿ ಮೇಸ್ತ್ರಿಗೆ ನೆಲ ಬಿರಿಯಬಾರದೇ ಅನ್ನಿಸಿತ್ತು. ಎಂಜಿನ್ ಮುಟ್ಟದೆ ಬದುಕುವುದು ಹೇಗೆಂದು ಅವನಿಗೆ ಗೊತ್ತೇ ಇರಲಿಲ್ಲ.

ಆ ಬೆಳಗ್ಗೆ ದೊಡ್ಡ ಕ್ರೇನಿನ ಸರ್ವಿಸ್ ಮುಗಿಸಿ, ಸಹಿ ಹಾಕಿ, ಶೆಡ್ಡಿನ ಬೆಂಚಿನ ಮೇಲೆ ಉಸ್ಸಪ್ಪಾ ಎಂದು ಕೂತ. ಹೊರಗೆ ಕ್ರೇನು ಕಬ್ಬಿಣದ ತೊಲೆಗಳ ಕಟ್ಟೊಂದನ್ನು ಎತ್ತತೊಡಗಿತ್ತು. ಓಡಿಸುತ್ತಿದ್ದವನು ಮೇಸ್ತ್ರಿಯ ಹೆಂಡತಿಯ ತಮ್ಮನೇ. ಟೀ ಲೋಟ ಬಾಯಿಗೆ ಒಯ್ದಾಗ ಮೇಸ್ತ್ರಿಯ ಕಣ್ಣು ತನ್ನ ಎಡಗೈ ಮೇಲೆ ಬಿತ್ತು. ಕೈ ಬೋಳು.

ಲೋಟ ಕೆಳಗಿಟ್ಟು ಹಳೇ ಫಿಲ್ಟರನ್ನು ಎತ್ತಿ ನೋಡಿದ. ಅದರ ಬಾಯಲ್ಲೂ ರಿಂಗಿಲ್ಲ. ಉಗುರು ಹಾಕಿ ರಿಂಗು ಕಿತ್ತ ನೆನಪೇನೋ ಇತ್ತು, ಆದರೆ ಅದು ಇವತ್ತಿನದೋ ಮೊನ್ನೆ ಇನ್ನೊಂದು ಕ್ರೇನಿನದೋ, ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಏನೂ ಆಗದೆಯೂ ಇರಬಹುದು. ಹಾಗೆಂದುಕೊಂಡೇ ಎದ್ದು ನಿಂತ, ತೊಲೆಗಳು ತೂಗಾಡದಂತೆ ಕೆಳಗೆ ಹಗ್ಗ ಹಿಡಿದು ನಿಂತಿದ್ದ ಮೂವರನ್ನು ನೋಡಿದ, ಮಂಡಿನೋವು ಮರೆತು ಓಡಿದ.

ಎರಡೂ ಕೈ ಚಾಚಿ ಅಡ್ಡಡ್ಡ ಬೀಸಿದರೆ ನಿಲ್ಲಿಸು ಎಂದರ್ಥ. ಯಾರು ಬೀಸಿದರೂ ಆಪರೇಟರ್ ನಿಲ್ಲಿಸಲೇಬೇಕು. ಮೇಸ್ತ್ರಿ ಓಡುತ್ತಲೇ ಹಾಗೆ ಬೀಸಿದ. ಜನ ದೂರ ಸರಿದ ಮೇಲೆ ಭಾರವನ್ನು ಮೆಲ್ಲಗೆ ಇಳಿಸಿ, ಭಾಮೈದ ಎಂಜಿನ್ ಆರಿಸಿದ. ಸೂಪರ್‌ವೈಸರ್ ಕೆಂಡಾಮಂಡಲವಾಗಿ ಬಂದ. ರಿಂಗು ಒಳಗೇ ಉಳಿದಿರಬೇಕು, ತಪ್ಪು ತನ್ನದೇ ಎಂದು ಮೇಸ್ತ್ರಿ ಒಂದೇ ಉಸಿರಿಗೆ ಒಪ್ಪಿಕೊಂಡ.

ಬಿಸಿ ಫಿಲ್ಟರನ್ನು ಬಟ್ಟೆ ಸುತ್ತಿ ಬಿಚ್ಚಿದರು. ಇದ್ದದ್ದು ಒಂದೇ ರಿಂಗು, ಹೊಸದು. ಫಿಲ್ಟರ್ ಕೂರುವ ಎಂಜಿನ್ನಿನ ಮುಖ ಕನ್ನಡಿಯಷ್ಟು ಚೊಕ್ಕಟವಾಗಿತ್ತು. ಭಾಮೈದ ಹಳೇ ಆಯಿಲಿನ ಟ್ರೇಯಲ್ಲಿ ಕಡ್ಡಿ ಆಡಿಸಿದಾಗ ತಳದಿಂದ ಹಳೇ ರಿಂಗು ಮೇಲೆ ಬಂತು.

"ನೋಡಿ ಭಾವ, ನಿಮ್ಮ ಕೈ ಎಲ್ಲಿ ತಪ್ಪತ್ತೆ," ಎಂದು ಅವನು ನಕ್ಕ. ಸೂಪರ್‌ವೈಸರನ ಸಿಟ್ಟೂ ಇಳಿಯಿತು. ಒಂದು ಗಂಟೆ ದಂಡವಾಯಿತು, ಹೋಗಲಿ, ಕೆಲಸ ಸರಿಯಾಗಿದೆಯಲ್ಲ, ಕೂರಿಸಿ ಶುರು ಮಾಡಿ ಎಂದ.

ಮೇಸ್ತ್ರಿ ಮಾತ್ರ ನಗಲಿಲ್ಲ. ತಪ್ಪು ಸಿಕ್ಕಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

"ಕೆಲಸ ಸರಿಯಾಗೇ ಮಾಡಿದೀನಿ ಸಾರ್," ಎಂದ. "ಆದ್ರೆ ಮಾಡಿದ್ದು ನನಗೇ ಗೊತ್ತಿಲ್ಲ. ಇವತ್ತು ಕೈ ತಾನಾಗೇ ಮಾಡ್ತು. ನಾಳೆ ಮಾಡ್ದೆ ಹೋದ್ರೆ? ನನ್ನನ್ನ ಸ್ಟೋರಿಗೆ ಹಾಕಿಬಿಡಿ."

ಸೂಪರ್‌ವೈಸರ್, ಮೊದಲು ನಾಲ್ಕು ದಿನ ಮನೆಯಲ್ಲಿ ನಿದ್ದೆ ಮಾಡಿ ಬನ್ನಿ, ಆಮೇಲೆ ನೋಡೋಣ ಎಂದು ಮೆತ್ತಗೆ ಗೊಣಗಿ, ಮುಖ ಬೇರೆ ಕಡೆ ತಿರುಗಿಸಿದ.

ಮೇಸ್ತ್ರಿ ಹೊಸ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿದ. ಎಂಜಿನ್ನಿನ ಮುಖ ಒರೆಸಿದ, ಮತ್ತೆ ಒರೆಸಿದ. ಫಿಲ್ಟರ್ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ.

"ನೀನೊಂದು ಸಲ ನೋಡಪ್ಪ," ಎಂದ ಭಾಮೈದನಿಗೆ.

ಇಪ್ಪತ್ತಾರು ವರ್ಷದಲ್ಲಿ ಅವನು ಇನ್ನೊಬ್ಬರ ಕಣ್ಣು ಕೇಳಿದ್ದು ಅದೇ ಮೊದಲು. ಭಾಮೈದನ ನಗು ನಿಂತಿತು. ಟಾರ್ಚು ತೆಗೆದುಕೊಂಡು ಬಗ್ಗಿ, ಸುತ್ತಲೂ ಬೆರಳಾಡಿಸಿ ನೋಡಿ, ಏನೂ ಇಲ್ಲ ಭಾವ, ಹಾಕಿ ಎಂದ.